ತಾರೆಯರಿಲ್ಲದ ಕೊನೆಯ ಪಂದ್ಯ: ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಬೌಲ್ ಬಿಡುವವರ ಲೆಕ್ಕ

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಏಳು ಸುತ್ತುಗಳಲ್ಲಿ ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ 2024ರ ಏಪ್ರಿಲ್‌ನಲ್ಲಿ ನಡೆಯಿತು. ಅದರ ಮೊದಲ ನಾಲ್ಕು ಹೆಸರುಗಳನ್ನು ನೋಡಿ: ಕೇಲಬ್ ವಿಲಿಯಮ್ಸ್, ಜೇಡನ್ ಡೇನಿಯಲ್ಸ್, ಡ್ರೇಕ್ ಮೇ, ಮಾರ್ವಿನ್ ಹ್ಯಾರಿಸನ್ ಜೂನಿಯರ್. ಇವರ ನಾಲ್ಕೂ ಕಾಲೇಜು ತಂಡಗಳು ಆ ಋತುವಿನ ಕೊನೆಯಲ್ಲಿ ಬೌಲ್ ಪಂದ್ಯ ಆಡಿದವು. ನಾಲ್ವರಲ್ಲಿ ಒಬ್ಬರೂ ಅದರಲ್ಲಿ ಆಡಲಿಲ್ಲ. ಆಡದಿದ್ದುದಕ್ಕೆ ಡ್ರಾಫ್ಟ್‌ನಲ್ಲಿ ಯಾರಿಗೂ ಏನೂ ನಷ್ಟವಾದಂತೆ ಕಾಣಲಿಲ್ಲ.

ಹತ್ತು ವರ್ಷದ ಹಿಂದೆ ಇದು ಊಹಿಸಲಾಗದ ಸಂಗತಿಯಾಗಿತ್ತು. ಈಗ ಡಿಸೆಂಬರ್ ಬಂದರೆ ಯಾರು ಆಡುತ್ತಾರೆ ಎಂಬುದಕ್ಕಿಂತ ಯಾರು ಆಡುವುದಿಲ್ಲ ಎಂಬ ಪಟ್ಟಿಯೇ ಮೊದಲು ಸುದ್ದಿಯಾಗುತ್ತದೆ. ಈ ತಲೆಮಾರಿಗೆ ಆಟದ ಮೇಲೆ ಪ್ರೀತಿ ಇಲ್ಲ, ತಂಡದ ಮೇಲೆ ನಿಷ್ಠೆ ಇಲ್ಲ ಎಂದು ಟಿವಿ ಸ್ಟುಡಿಯೊಗಳಲ್ಲಿ ಹಿರಿಯ ಆಟಗಾರರು ಬೇಸರ ತೋಡಿಕೊಳ್ಳುತ್ತಾರೆ. ಆ ದೂರು ತಪ್ಪು ಜಾಗಕ್ಕೆ ಗುರಿಯಿಟ್ಟಿದೆ ಎಂಬುದು ಈ ಲೇಖನದ ನಿಲುವು. ಬೌಲ್ ಪಂದ್ಯದಲ್ಲಿ ಬರುವ ಹಣ ಒಬ್ಬರಿಗೆ ಸೇರುತ್ತದೆ, ಅಪಾಯವನ್ನು ಇನ್ನೊಬ್ಬರು ಹೊರುತ್ತಾರೆ. ಆ ವ್ಯವಸ್ಥೆ ಸರಿಹೋಗದ ಹೊರತು ಯಾವ ಬುದ್ಧಿಮಾತೂ ನಾಟುವುದಿಲ್ಲ.

ಅಮೆರಿಕನ್ ಫುಟ್‌ಬಾಲ್ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ಕಾಲೇಜು ತಂಡಗಳು ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಸಾಮಾನ್ಯವಾಗಿ 12 ಪಂದ್ಯ ಆಡುತ್ತವೆ. ಅದರಲ್ಲಿ ಆರು ಗೆದ್ದ ತಂಡ ಬೌಲ್‌ಗೆ ಅರ್ಹ. ಬೌಲ್ ಅಂದರೆ ಡಿಸೆಂಬರ್ ಮಧ್ಯದಿಂದ ಜನವರಿ ಮೊದಲ ವಾರದೊಳಗೆ ಬೇರೆ ಊರೊಂದರ ಕ್ರೀಡಾಂಗಣದಲ್ಲಿ ನಡೆಯುವ ಒಂದೇ ಒಂದು ಪ್ರದರ್ಶನ ಪಂದ್ಯ. ಮೊದಲ ರೋಸ್ ಬೌಲ್ 1902ರಲ್ಲಿ ನಡೆಯಿತು. ಈಗ ವರ್ಷಕ್ಕೆ ಇಂಥವು ನಲವತ್ತರಷ್ಟಿವೆ. ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್ 2014ರ ಋತುವಿನಲ್ಲಿ ನಾಲ್ಕು ತಂಡಗಳೊಂದಿಗೆ ಶುರುವಾಗಿ 2024ರಲ್ಲಿ 12 ತಂಡಗಳಿಗೆ ಹಿಗ್ಗಿತು. ಕೆಲವು ದೊಡ್ಡ ಬೌಲ್‌ಗಳು ಈ ಪ್ಲೇಆಫ್‌ನ ಭಾಗ. ಉಳಿದವುಗಳಲ್ಲಿ ಗೆದ್ದರೆ ಒಂದು ಟ್ರೋಫಿ, ಸೋತರೆ ಏನೂ ಇಲ್ಲ. ಆಟಗಾರರು ಕೈಬಿಡುತ್ತಿರುವುದು ಈ ಎರಡನೇ ಬಗೆಯ ಪಂದ್ಯಗಳನ್ನು.

ಶುರುವಾದದ್ದು ಒಂದು ಮೊಣಕಾಲಿನಿಂದ

2016ರ ಜನವರಿ 1ರಂದು ಅರಿಜೋನಾದಲ್ಲಿ ಫಿಯೆಸ್ಟಾ ಬೌಲ್. ನಾಟರ್ ಡೇಮ್ ತಂಡದ ರಕ್ಷಣಾ ಆಟಗಾರ (ಲೈನ್‌ಬ್ಯಾಕರ್) ಜೇಲನ್ ಸ್ಮಿತ್ ಆ ವರ್ಷದ ಡ್ರಾಫ್ಟ್‌ನಲ್ಲಿ ಮೊದಲ ಐದರೊಳಗೆ ಹೋಗುತ್ತಾನೆ ಎಂಬ ಅಂದಾಜಿತ್ತು. ಒಹಾಯೊ ಸ್ಟೇಟ್ ವಿರುದ್ಧದ ಆ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲೇ ಅವನ ಎಡ ಮೊಣಕಾಲಿನ ಎರಡು ಲಿಗಮೆಂಟ್ ಹರಿದವು. ಅದಕ್ಕಿಂತ ಕೆಟ್ಟದ್ದು ನರಕ್ಕಾದ ಪೆಟ್ಟು. ಪಾದವನ್ನು ಮೇಲೆತ್ತಲಾಗದ ಸ್ಥಿತಿ ಉಂಟಾಯಿತು. ಹರಿದ ಲಿಗಮೆಂಟನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು, ನರ ಮತ್ತೆ ಯಾವಾಗ ಚೇತರಿಸುತ್ತದೆ ಎಂದು ಯಾವ ವೈದ್ಯನೂ ದಿನ ಹೇಳಲಾರ. ತಂಡಗಳು ಹಿಂಜರಿದವು. ಡ್ಯಾಲಸ್ ಕೌಬಾಯ್ಸ್ ಅವನನ್ನು 34ನೇ ಆಯ್ಕೆಯಾಗಿ ತೆಗೆದುಕೊಂಡಿತು. 2016ರ ಇಡೀ ಋತು ಅವನು ಆಡಲಿಲ್ಲ.

ದುಡ್ಡಿನ ಲೆಕ್ಕದಲ್ಲಿ ಇದರ ಅರ್ಥ ಹೀಗೆ. ಆ ವರ್ಷ 5ನೇ ಆಯ್ಕೆಯಾದ ಆಟಗಾರನ ನಾಲ್ಕು ವರ್ಷದ ಒಪ್ಪಂದ ಸುಮಾರು 2 ಕೋಟಿ 30 ಲಕ್ಷ ಡಾಲರ್. 34ನೇ ಆಯ್ಕೆಯದ್ದು ಸುಮಾರು 65 ಲಕ್ಷ ಡಾಲರ್. ನಡುವಿನ ಅಂತರ 1 ಕೋಟಿ 60 ಲಕ್ಷಕ್ಕೂ ಮಿಕ್ಕಿತು. ಸ್ಮಿತ್ ಬಳಿ ವಿಮೆ ಇತ್ತು, ಅದರಿಂದ ಸಿಕ್ಕದ್ದು ಸುಮಾರು 9 ಲಕ್ಷ ಡಾಲರ್ ಎಂದು ವರದಿಯಾಗಿತ್ತು. ಅವನು ಮುಂದೆ ಚೇತರಿಸಿಕೊಂಡು, 2019ರಲ್ಲಿ ದೊಡ್ಡ ಒಪ್ಪಂದ ಪಡೆದು, ಎನ್‌ಎಫ್‌ಎಲ್‌ನ ತಾರಾ ಆಟಗಾರರ ಪ್ರೊ ಬೌಲ್‌ವರೆಗೂ ಹೋದ. ಹಾಗೆ ಆಗುತ್ತದೆಂಬ ಭರವಸೆ 2016ರ ವಸಂತದಲ್ಲಿ ಯಾರಿಗೂ ಇರಲಿಲ್ಲ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಚೆಂಡು ಹಿಡಿದು ಓಡುವ ಇಬ್ಬರು ಆಟಗಾರರು (ರನ್ನಿಂಗ್ ಬ್ಯಾಕ್‌ಗಳು) ಬಹಿರಂಗವಾಗಿ ಬೌಲ್ ಆಡಲು ಒಲ್ಲೆ ಎಂದರು. ಎಲ್‌ಎಸ್‌ಯುವಿನ (ಲೂಯಿಸಿಯಾನಾ ಸ್ಟೇಟ್) ಲೆನಾರ್ಡ್ ಫೋರ್ನೆಟ್‌ಗೆ ಋತುವಿಡೀ ಪಾದದ ಗಂಟಿನ ನೋವು ಕಾಡಿತ್ತು, ಅವನು ಸಿಟ್ರಸ್ ಬೌಲ್ ಬಿಟ್ಟ. ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಮೆಕ್ಯಾಫ್ರಿ ಸನ್ ಬೌಲ್ ಬಿಟ್ಟ. ಟೀಕೆಯ ಮಳೆಯೇ ಸುರಿಯಿತು. ಆದರೆ ಡಿಸೆಂಬರ್ 30ರಂದು, ಸ್ಟ್ಯಾನ್‌ಫರ್ಡ್ ಸನ್ ಬೌಲ್ ಆಡಿದ ದಿನವೇ, ಆರೆಂಜ್ ಬೌಲ್‌ನಲ್ಲಿ ಮಿಶಿಗನ್ನಿನ ಟೈಟ್ ಎಂಡ್ ಜೇಕ್ ಬಟ್‌ನ ಮೊಣಕಾಲಿನ ಎಸಿಎಲ್ ಎಂಬ ಮುಖ್ಯ ಲಿಗಮೆಂಟ್ ಹರಿಯಿತು. ಏಪ್ರಿಲ್‌ನಲ್ಲಿ ಫೋರ್ನೆಟ್ 4ನೇ ಆಯ್ಕೆ, ಮೆಕ್ಯಾಫ್ರಿ 8ನೇ ಆಯ್ಕೆ. ಬಟ್ ಐದನೇ ಸುತ್ತಿನಲ್ಲಿ 145ನೆಯವನಾಗಿ ಹೋದ. ಬಿಟ್ಟವರಿಗೆ ದಂಡ ಬೀಳಲಿಲ್ಲ, ಆಡಿದವನಿಗೆ ಬಿತ್ತು. ಮುಂದಿನ ವರ್ಷದ ಹುಡುಗರಿಗೆ ಬೇರೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಹೀಗೆ ಪೆಟ್ಟು ತಿಂದವರಲ್ಲಿ ಇವರೇ ಮೊದಲಿಗರಲ್ಲ. 2003ರ ಜನವರಿಯ ಫಿಯೆಸ್ಟಾ ಬೌಲ್‌ನಲ್ಲಿ ಮಯಾಮಿಯ ವಿಲಿಸ್ ಮೆಗಾಹಿಯ ಮೊಣಕಾಲು ಹೋಗಿತ್ತು. ಆದರೆ ಅದು ರಾಷ್ಟ್ರೀಯ ಚಾಂಪಿಯನ್‌ಶಿಪ್ ಪಂದ್ಯ. ಅಂಥ ಪಂದ್ಯವನ್ನು ಬಿಡು ಎಂದು ಇಂದೂ ಯಾರೂ ಹೇಳುವುದಿಲ್ಲ.

ಡಿಸೆಂಬರ್ ಗಾಯ ಯಾಕೆ ಅಷ್ಟು ದುಬಾರಿ

ಸೆಪ್ಟೆಂಬರ್‌ನಲ್ಲಿ ಎಸಿಎಲ್ ಹರಿದರೂ ಅದು ದುರಂತವೇ. ಆದರೆ ಡಿಸೆಂಬರ್ ಕೊನೆಯ ಗಾಯಕ್ಕೆ ಬೇರೆಯದೇ ಬೆಲೆ ಇದೆ, ಕಾರಣ ಕ್ಯಾಲೆಂಡರ್. ಫೆಬ್ರುವರಿ ಕೊನೆಯಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಡ್ರಾಫ್ಟ್‌ಗೆ ಬರುವವರನ್ನು ಪರೀಕ್ಷಿಸುವ ಎನ್‌ಎಫ್‌ಎಲ್ ಕಂಬೈನ್ ಶಿಬಿರ ನಡೆಯುತ್ತದೆ. ಅಲ್ಲಿ 40 ಗಜದ ಓಟ, ಜಿಗಿತ, ಭಾರ ಎತ್ತುವುದು ಎಲ್ಲರ ಕಣ್ಣಿಗೆ ಬೀಳುತ್ತವೆ. ಅದಕ್ಕಿಂತ ನಿರ್ಣಾಯಕವಾದದ್ದು ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ: 32 ತಂಡಗಳ ವೈದ್ಯರು ಪ್ರತಿಯೊಬ್ಬನ ಕೀಲುಗಳನ್ನು ತಿರುಗಿಸಿ, ಒತ್ತಿ, ಸ್ಕ್ಯಾನ್ ನೋಡಿ ಗುರುತು ಹಾಕುತ್ತಾರೆ. ಮಾರ್ಚ್‌ನಲ್ಲಿ ಕಾಲೇಜುಗಳಲ್ಲೇ ಅಂಥದೇ ಪರೀಕ್ಷೆ ನಡೆಯುವ ಪ್ರೊ ಡೇ, ಏಪ್ರಿಲ್ ಕೊನೆಯಲ್ಲಿ ಡ್ರಾಫ್ಟ್. ಎಸಿಎಲ್ ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಆಡಲು ಸಾಮಾನ್ಯವಾಗಿ 9ರಿಂದ 12 ತಿಂಗಳು ಬೇಕು. ಜನವರಿ 1ಕ್ಕೆ ಗಾಯವಾದವನು ಕಂಬೈನ್‌ನಲ್ಲಿ ಓಡಲಾರ, ಪ್ರೊ ಡೇಯಲ್ಲೂ ಓಡಲಾರ, ಸೆಪ್ಟೆಂಬರ್‌ನಲ್ಲಿ ಲೀಗ್ ಶುರುವಾದಾಗಲೂ ಸಿದ್ಧನಿರುವುದಿಲ್ಲ. ತಂಡದ ಕಣ್ಣಲ್ಲಿ ಅವನು ಮೊದಲ ವರ್ಷ ಪೂರ್ತಿ ಸಂಬಳ ಕೊಟ್ಟು ಕಾಯಬೇಕಾದ ಆಟಗಾರ.

ಇದಕ್ಕೆ ಡ್ರಾಫ್ಟ್‌ನ ಸಂಬಳ ಪಟ್ಟಿಯನ್ನು ಸೇರಿಸಿ ನೋಡಬೇಕು. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2011ರ ಒಪ್ಪಂದದ ನಂತರ ಹೊಸಬರ ಸಂಬಳ ಹೆಚ್ಚುಕಡಿಮೆ ಆಯ್ಕೆಯ ಕ್ರಮಸಂಖ್ಯೆಗೇ ಕಟ್ಟುಬಿದ್ದಿದೆ. ಚೌಕಾಸಿಗೆ ಜಾಗ ಬಹಳ ಕಡಿಮೆ. 2024ರಲ್ಲಿ ಮೊದಲ ಆಯ್ಕೆಯಾದ ಕೇಲಬ್ ವಿಲಿಯಮ್ಸ್‌ಗೆ ನಾಲ್ಕು ವರ್ಷಕ್ಕೆ ಸುಮಾರು 3 ಕೋಟಿ 95 ಲಕ್ಷ ಡಾಲರ್, ಅಷ್ಟೂ ಖಾತರಿ. ಮೊದಲ ಸುತ್ತಿನ ಕೊನೆಯವನಾದ 32ನೆಯವನಿಗೆ ಸುಮಾರು 1 ಕೋಟಿ 20 ಲಕ್ಷ. ಏಳನೇ ಸುತ್ತಿನ ತುದಿಯಲ್ಲಿರುವವನಿಗೆ ಕಾಗದದ ಮೇಲೆ 40 ಲಕ್ಷ ದಾಟಿದರೂ ಖಾತರಿಯಾಗಿ ಕೈಗೆ ಬರುವುದು ಒಂದು ಲಕ್ಷ ಡಾಲರ್ ಆಸುಪಾಸಿನ ಸಹಿ ಬೋನಸ್ ಮಾತ್ರ. ಎರಡನೇ ಸುತ್ತಿನವರ ಒಪ್ಪಂದವೂ ಬಹುಕಾಲ ಪೂರ್ತಿ ಖಾತರಿಯದಾಗಿರಲಿಲ್ಲ, 2025ರಲ್ಲಷ್ಟೇ ಆ ಸುತ್ತಿನ ಮೊದಲ ಕೆಲವರಿಗೆ ಅದು ದಕ್ಕಿತು. ಅಂದರೆ ಇಳಿಜಾರು ಅತಿ ಕಡಿದಾಗಿರುವುದು ಮೊದಲ ಸುತ್ತಿನಲ್ಲಿ. ಅಲ್ಲಿ ಹತ್ತು ಸ್ಥಾನ ಜಾರಿದರೆ ಹತ್ತಾರು ಲಕ್ಷ ಡಾಲರ್ ಹೋಗುತ್ತದೆ, ಮೊದಲ ಕೆಲವು ಸ್ಥಾನಗಳಿಂದ ಜಾರಿದರೆ ಕೋಟಿಯೂ ದಾಟುತ್ತದೆ.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಬೌಲ್ ಆಡಿದವನಿಗೆ ಸಂಘಟಕರು ಕೊಡಬಹುದಾದ ಉಡುಗೊರೆಗೆ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ವರ್ಷಗಳ ಕಾಲ ಇಟ್ಟಿದ್ದ ಮಿತಿ 550 ಡಾಲರ್. ಒಂದು ಹೆಡ್‌ಫೋನ್, ಒಂದು ಬ್ಯಾಗ್, ಒಂದು ಗಿಫ್ಟ್ ಕಾರ್ಡ್. ಕೋಚ್‌ಗಳ ಒಪ್ಪಂದಗಳಲ್ಲಿ ಬೌಲ್‌ಗೆ ಪ್ರತ್ಯೇಕ ಬೋನಸ್ ಇರುವುದು ರೂಢಿ. ಹಲವು ಬೌಲ್‌ಗಳ ಒಡೆತನ ಇರುವುದೇ ಕ್ರೀಡಾ ವಾಹಿನಿ ಇಎಸ್‌ಪಿಎನ್ ಸಂಸ್ಥೆಯ ಕೈಯಲ್ಲಿ, ರಜೆಯ ವಾರದಲ್ಲಿ ಮನೆಯಲ್ಲಿ ಕೂತ ಪ್ರೇಕ್ಷಕರು ಅದಕ್ಕೆ ಬೇಕು.

ಅಪಾಯವನ್ನು ಉತ್ಪ್ರೇಕ್ಷಿಸಬಾರದು ಎಂಬುದನ್ನೂ ಇಲ್ಲೇ ಹೇಳಬೇಕು. ಒಂದೇ ಪಂದ್ಯದಲ್ಲಿ ಬದುಕು ಬದಲಿಸುವ ಗಾಯವಾಗುವ ಸಾಧ್ಯತೆ ಚಿಕ್ಕದು. ಲೆಕ್ಕಕ್ಕಾಗಿ ಸಾವಿರಕ್ಕೆ ಮೂರು ಎಂದಿಟ್ಟುಕೊಳ್ಳೋಣ. ಗಾಯವಾದರೆ 2 ಕೋಟಿ ಡಾಲರ್‌ನ ಒಪ್ಪಂದ 60 ಲಕ್ಷಕ್ಕೆ ಇಳಿಯುತ್ತದೆ, ನಷ್ಟ 1 ಕೋಟಿ 40 ಲಕ್ಷ ಎನ್ನೋಣ. ಗುಣಿಸಿದರೆ ಆ ಪಂದ್ಯದ ಸರಾಸರಿ ನಷ್ಟ 42,000 ಡಾಲರ್. ಇದು ತೀರಿಸಲಾಗದ ಮೊತ್ತವೇನಲ್ಲ. ತೊಡಕು ಏನೆಂದರೆ ಸರಾಸರಿಯನ್ನು ಅನುಭವಿಸಲು ಆಟಗಾರನಿಗೆ ಸಾವಿರ ದೇಹಗಳಿಲ್ಲ. ಅವನ ಪಾಲಿಗೆ ಬರುವುದು ಒಂದೋ ಸೊನ್ನೆ, ಇಲ್ಲವೇ 1 ಕೋಟಿ 40 ಲಕ್ಷ. ಹೀಗೆ ಒಬ್ಬನ ಮೇಲೆ ಪೂರ್ತಿ ಬೀಳುವ ದೊಡ್ಡ, ಅಪರೂಪದ ನಷ್ಟವನ್ನು ಹಂಚಿಕೊಳ್ಳುವುದಕ್ಕೇ ವಿಮೆ ಇರುವುದು. ಹಾಗಾದರೆ ವಿಮೆ ಯಾಕೆ ಕೆಲಸ ಮಾಡಲಿಲ್ಲ?

ವಿಮೆಯ ಸಣ್ಣ ಅಕ್ಷರಗಳು

ಕಾಲೇಜು ಆಟಗಾರರು ಮಾಡಿಸುವ ವಿಮೆಯಲ್ಲಿ ಎರಡು ಬಗೆ. ಮೊದಲನೆಯದು ಶಾಶ್ವತ ಪೂರ್ಣ ಅಂಗವೈಕಲ್ಯದ ವಿಮೆ. ಎನ್‌ಸಿಎಎ 1990ರಿಂದಲೇ ಇದಕ್ಕೊಂದು ಯೋಜನೆ ನಡೆಸುತ್ತಿದೆ. ಆಟಗಾರ ಇನ್ನು ಮುಂದೆ ಆಡಲಾರ ಎಂದು ಸಾಬೀತಾದರೆ ಮಾತ್ರ ಹಣ. ಇಂದಿನ ಶಸ್ತ್ರಚಿಕಿತ್ಸೆಯಲ್ಲಿ ಬಹುತೇಕರು ಹೇಗೋ ಮೈದಾನಕ್ಕೆ ಮರಳುವುದರಿಂದ ಇದು ಕೈಗೆ ಬರುವುದು ತೀರ ಅಪರೂಪ. ಎರಡನೆಯದು ಮೌಲ್ಯನಷ್ಟದ ವಿಮೆ. ಡ್ರಾಫ್ಟ್‌ನಲ್ಲಿ ನಿರೀಕ್ಷೆಗಿಂತ ಕೆಳಗೆ ಜಾರಿದರೆ ಅಂತರದ ಒಂದು ಭಾಗವನ್ನು ಇದು ತುಂಬಿಕೊಡಬೇಕು. ಬೌಲ್ ಪ್ರಶ್ನೆಗೆ ಹೊಂದುವುದು ಇದೇ.

ಇದರ ಕಂತು ಪ್ರತಿ 10 ಲಕ್ಷ ಡಾಲರ್ ರಕ್ಷಣೆಗೆ ಸಾಮಾನ್ಯವಾಗಿ 8,000ದಿಂದ 10,000 ಡಾಲರ್. ಸುಮಾರು ಶೇ 1, ಅದೂ ಇಡೀ ಋತುವಿಗೆ. ಹಲವು ಕಾಲೇಜುಗಳು ವಿದ್ಯಾರ್ಥಿ ನೆರವು ನಿಧಿಯಿಂದ ಇದನ್ನು ಕಟ್ಟುತ್ತವೆ. ಕೇಳಲು ಅಗ್ಗ. ಆದರೆ ಹಣ ಕೈಸೇರುವ ದಾರಿಯಲ್ಲಿ ಮೂರು ಕಡೆ ಎಡವುವ ಸಾಧ್ಯತೆ ಇದೆ.

ಮಿತಿ ಎಲ್ಲಿದೆ ಎಂಬುದು ಮೊದಲನೆಯದು. 10ನೇ ಆಯ್ಕೆ ಎಂದು ಅಂದಾಜಿದ್ದವನಿಗೂ ವಿಮಾ ಕಂಪನಿ ಎರಡನೇ ಸುತ್ತಿಗೋ ಮೂರನೇ ಸುತ್ತಿಗೋ ಜಾರಿದ ಮೇಲೆ ಮಾತ್ರ ಹಣ ಕೊಡುವೆ ಎಂದು ಬರೆದಿಟ್ಟಿರುತ್ತದೆ. 10ರಿಂದ 30ಕ್ಕೆ ಇಳಿದರೆ ಹೋದ ಹಣ ಹೋದದ್ದೇ. ಜೇಕ್ ಬಟ್‌ನ ಪಾಲಿಸಿಯ ಬಗ್ಗೆ ಬಂದ ವರದಿ ಇದನ್ನು ಚೆನ್ನಾಗಿ ತೋರಿಸುತ್ತದೆ. ಮೂರನೇ ಸುತ್ತಿನ ನಡುಭಾಗ ದಾಟಿದ ಮೇಲೆ ಜಾರಿದ ಪ್ರತಿ ಸ್ಥಾನಕ್ಕೆ 10,000 ಡಾಲರ್ ಎಂಬ ಲೆಕ್ಕದಲ್ಲಿ ಅವನಿಗೆ ಸುಮಾರು 5 ಲಕ್ಷ 43 ಸಾವಿರ ಡಾಲರ್ ಬಂತು. ಅದರ ಮೇಲಿನ ಕುಸಿತಕ್ಕೆ ಏನೂ ಇಲ್ಲ.

ಎರಡನೆಯದು ಕಾರಣದ ಸಾಬೀತು. ಕುಸಿತಕ್ಕೆ ಗಾಯವೇ ಕಾರಣ, ಕಳಪೆ ಆಟವಲ್ಲ, ನಿಧಾನ ಓಟವಲ್ಲ ಎಂದು ತೋರಿಸಬೇಕು. ಓಲ್ ಮಿಸ್ (ಮಿಸಿಸಿಪ್ಪಿ ವಿಶ್ವವಿದ್ಯಾಲಯ) ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ಆಕ್ರಮಣ ನಡೆಸುವ ಆಟಗಾರ, ಮ್ಯಾಟ್ ಕೊರಲ್ 2022ರ ಜನವರಿ 1ರಂದು ಶುಗರ್ ಬೌಲ್ ಆಡಿ ಪಾದದ ಗಂಟು ಉಳುಕಿಸಿಕೊಂಡು ಹೊರಬಂದ. ಮೊದಲ ಸುತ್ತಿನ ಮಾತಿದ್ದವನು 94ನೆಯವನಾದ. ಎಲ್ಲರೂ ಇದನ್ನು ಬೌಲ್‌ನ ಬೆಲೆ ಎಂದು ಉದಾಹರಿಸುತ್ತಾರೆ. ಆದರೆ ಆ ವರ್ಷ ಮೊದಲ ಸುತ್ತಿನಲ್ಲಿ ಹೋದ ಕ್ವಾರ್ಟರ್‌ಬ್ಯಾಕ್ ಒಬ್ಬನೇ, ಕೆನಿ ಪಿಕೆಟ್. ಗಾಯವೇ ಇಲ್ಲದ ಡೆಸ್ಮಂಡ್ ರಿಡರ್ 74ಕ್ಕೆ, ಮಲಿಕ್ ವಿಲಿಸ್ 86ಕ್ಕೆ ಇಳಿದರು. ಕೊರಲ್‌ನ ಕುಸಿತದಲ್ಲಿ ಗಾಯದ ಪಾಲೆಷ್ಟು, ತಂಡಗಳ ಅನುಮಾನದ ಪಾಲೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ವಿಮಾ ವಕೀಲರಿಗೆ ಬೇಕಾದದ್ದು ಇಂಥ ಮಸುಕೇ.

ಮೂರನೆಯದು ಹಳೆಯ ಗಾಯಗಳ ಮಾಹಿತಿ. ಪಾಲಿಸಿ ಮಾಡಿಸುವಾಗ ಒಂದು ಚಿಕಿತ್ಸೆಯ ದಾಖಲೆ ಬಿಟ್ಟುಹೋದರೂ ಕಂಪನಿ ಹಣ ತಡೆಯಬಹುದು. ಯುಎಸ್‌ಸಿಯ ಮಾರ್ಕೀಸ್ ಲೀ 2014ರಲ್ಲಿ 39ನೇ ಆಯ್ಕೆಯಾಗಿ, 50 ಲಕ್ಷ ಡಾಲರ್‌ನ ಪಾಲಿಸಿಯ ಹಣಕ್ಕಾಗಿ ಲಂಡನ್ನಿನ ವಿಮಾ ಮಾರುಕಟ್ಟೆ ಲಾಯ್ಡ್ಸ್ ಮೇಲೆ ಮೊಕದ್ದಮೆ ಹೂಡಬೇಕಾಯಿತು. ಹೀಗಾಗಿ ಪಾಲಿಸಿಗೆ ಸಹಿ ಹಾಕುವ ಮುನ್ನ ತಂಡದ ವೈದ್ಯರಿಂದ ಪೂರ್ತಿ ದಾಖಲೆ ತರಿಸಿ, ಐಸ್ ಇಟ್ಟು ಬಿಟ್ಟ ಉಳುಕನ್ನೂ ಬರೆಯಿಸುವುದು ಒಳ್ಳೆಯದು.

ವಿಮೆ ಸರಿಯಾಗಿ ಕೈಹಿಡಿದ ಉದಾಹರಣೆಯೂ ಇದೆ. ಆರಿಗನ್‌ನ ಕಾರ್ನರ್‌ಬ್ಯಾಕ್ (ಎದುರಾಳಿ ರಿಸೀವರ್‌ಗಳನ್ನು ತಡೆಯುವವನು) ಇಫೊ ಎಕ್ಪ್ರೆ-ಒಲೊಮು 2014ರ ಡಿಸೆಂಬರ್‌ನಲ್ಲಿ ಎಸಿಎಲ್ ಹರಿದುಕೊಂಡು ಏಳನೇ ಸುತ್ತಿಗೆ ಕುಸಿದ. ಅವನ ಮೌಲ್ಯನಷ್ಟದ ಪಾಲಿಸಿಯಿಂದ 30 ಲಕ್ಷ ಡಾಲರ್ ಬಂತೆಂದು ವರದಿಯಾಗಿತ್ತು. ಗಮನಿಸಬೇಕಾದ ವಿವರ ಒಂದಿದೆ: ಅವನಿಗೆ ಗಾಯವಾದದ್ದು ಪಂದ್ಯದಲ್ಲಲ್ಲ, ರೋಸ್ ಬೌಲ್‌ಗೆ ಮುಂಚಿನ ಅಭ್ಯಾಸದಲ್ಲಿ. ಪಂದ್ಯ ಆಡುವುದಿಲ್ಲ, ಅಭ್ಯಾಸಕ್ಕೆ ಬರುತ್ತೇನೆ ಎಂದು ಅರ್ಧ ನಿರ್ಧಾರ ಮಾಡುವವರು ಇದನ್ನು ನೆನಪಿಡಬೇಕು.

ಯಾರು ಬಿಡಬೇಕು, ಯಾರು ಆಡಬೇಕು

ಎಲ್ಲರಿಗೂ ಒಂದೇ ಉತ್ತರ ಇಲ್ಲ. ಪ್ರೌಢಶಾಲೆ ಮುಗಿಸಿ ಮೂರು ವರ್ಷವಾದ ಆಟಗಾರ ಡ್ರಾಫ್ಟ್‌ಗೆ ಅರ್ಹ. ಕಾಲೇಜಿನಲ್ಲಿ ಆಡುವ ಅವಧಿ ಇನ್ನೂ ಬಾಕಿ ಇರುವವರು ತಮ್ಮ ಕೋಚ್ ಮೂಲಕ ಎನ್‌ಎಫ್‌ಎಲ್‌ನ ಸಲಹಾ ಸಮಿತಿಯಿಂದ ಅಂದಾಜು ತರಿಸಿಕೊಳ್ಳಬಹುದು. ಆ ಉತ್ತರ ಮೂರರಲ್ಲಿ ಒಂದು: ಮೊದಲ ಸುತ್ತು, ಎರಡನೇ ಸುತ್ತು, ಇಲ್ಲವೇ ಕಾಲೇಜಿಗೇ ಮರಳು. ಡ್ರಾಫ್ಟ್‌ಗೆ ಹೆಸರು ಕೊಡುವ ಗಡುವು ಜನವರಿ ಮಧ್ಯಕ್ಕೆ. ಬೌಲ್ ನಿರ್ಧಾರಕ್ಕೆ ಮೊದಲು ಈ ಕಾಗದ ಕೈಯಲ್ಲಿರಬೇಕು. ಏಜೆಂಟ್ ಆಗಬಯಸುವವರ ಮಾತು ಇದಕ್ಕೆ ಬದಲಿಯಲ್ಲ. ಆಟಗಾರ ಡ್ರಾಫ್ಟ್‌ಗೆ ಬಂದರಷ್ಟೇ ಅವರಿಗೆ ಕಮಿಷನ್.

ಮೊದಲ ಸುತ್ತು ಎಂದು ಬಂದರೆ, ಅದರಲ್ಲೂ ರನ್ನಿಂಗ್ ಬ್ಯಾಕ್, ರಿಸೀವರ್, ಕಾರ್ನರ್‌ಬ್ಯಾಕ್ ಆಗಿದ್ದರೆ, ಬಿಡುವುದೇ ಸರಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಈ ಜಾಗಗಳ ಬೆಲೆ ನಿಂತಿರುವುದು ವೇಗದ ಮೇಲೆ, ವೇಗ ನಿಂತಿರುವುದು ಮೊಣಕಾಲು ಮತ್ತು ಪಾದದ ಗಂಟಿನ ಮೇಲೆ. ರನ್ನಿಂಗ್ ಬ್ಯಾಕ್‌ನದು ಇನ್ನೂ ಕಠಿಣ. ಪಂದ್ಯಕ್ಕೆ ಇಪ್ಪತ್ತು, ಇಪ್ಪತ್ತೈದು ಸಲ ಚೆಂಡು ಹಿಡಿದು ಗೋಡೆಯಂಥ ದೇಹಗಳಿಗೆ ನುಗ್ಗಬೇಕು, ವೃತ್ತಿ ಆಯುಷ್ಯ ಉಳಿದೆಲ್ಲರಿಗಿಂತ ಚಿಕ್ಕದು, ಎರಡನೇ ದೊಡ್ಡ ಒಪ್ಪಂದ ಬರುವ ಹೊತ್ತಿಗೆ ಕಾಲು ಸೋತಿರುತ್ತದೆ. ಮೊದಲ ಒಪ್ಪಂದವೇ ಅವನ ಜೀವಮಾನದ ದುಡಿಮೆ ಆಗಿಬಿಡಬಹುದು.

ತಂಡಗಳು ಇದನ್ನು ತಪ್ಪೆಂದು ಎಣಿಸುವುದಿಲ್ಲ ಎಂಬುದಕ್ಕೆ ಬೇಕಾದಷ್ಟು ಪುರಾವೆ ಇದೆ. ಜಮಾರ್ ಚೇಸ್ ಮತ್ತು ಮೈಕಾ ಪಾರ್ಸನ್ಸ್ ಕೋವಿಡ್ ಕಾಲದ 2020ರಲ್ಲಿ ಇಡೀ ಋತುವನ್ನೇ ಬಿಟ್ಟರು. 2021ರಲ್ಲಿ ಚೇಸ್ 5ನೆಯವನಾಗಿ, ಪಾರ್ಸನ್ಸ್ 12ನೆಯವನಾಗಿ ಆಯ್ಕೆಯಾದರು. ಎರಡು ಮೂರು ಋತುಗಳ ವಿಡಿಯೊ ಮುಂದಿರುವಾಗ ಇನ್ನೊಂದು ಪಂದ್ಯ ಆಯ್ಕೆದಾರರಿಗೆ ಹೊಸದೇನನ್ನೂ ಹೇಳುವುದಿಲ್ಲ.

ಮೂರನೇ ಸುತ್ತಿನಿಂದ ಕೆಳಗೆ ಚಿತ್ರ ಬದಲಾಗುತ್ತದೆ. ಅಲ್ಲಿ ಆಯ್ಕೆಗಳ ನಡುವಿನ ಹಣದ ಅಂತರ ಕಡಿಮೆ, ಗುರುತು ಸಿಗುವುದೇ ಮುಖ್ಯ. ಬಲಿಷ್ಠ ಎದುರಾಳಿಯ ಮುಂದೆ ಒಳ್ಳೆಯ ಆಟ ಅವನನ್ನು ಮೇಲೆತ್ತಬಹುದು. ಹಾಗಿದ್ದೂ ಐದನೇ ಸುತ್ತಿನ ಅಂದಾಜಿನ ಹುಡುಗರು ಮೊದಲ ಸುತ್ತಿನವರನ್ನು ನೋಡಿ ಬೌಲ್ ಬಿಡುತ್ತಿರುವುದನ್ನು ಕಾಣುತ್ತೇವೆ. ಅವರು ಕಳೆದುಕೊಳ್ಳುವುದು ಉಳಿಸಿಕೊಳ್ಳುವುದಕ್ಕಿಂತ ಹೆಚ್ಚು. ಅಂಥವನಿಗೆ ಜನವರಿ ಕೊನೆಯ ಹೊತ್ತಿಗೆ ಅಲಬಾಮಾದ ಮೊಬೀಲ್‌ನಲ್ಲಿ ನಡೆಯುವ ಸೀನಿಯರ್ ಬೌಲ್‌ನ ಅಭ್ಯಾಸ ವಾರಕ್ಕೆ ಆಹ್ವಾನ ಬಂದಿದ್ದರೆ ಮಾತು ಬೇರೆ. ಎನ್‌ಎಫ್‌ಎಲ್‌ನ ಎಲ್ಲ ಕಣ್ಣುಗಳೂ ಅಲ್ಲಿರುತ್ತವೆ.

ಬಿಡದೆ ಆಡಿ ಗೆದ್ದವರೂ ಇದ್ದಾರೆ. 2022ರ ಡಿಸೆಂಬರ್ 31ರ ಶುಗರ್ ಬೌಲ್‌ನಲ್ಲಿ ಅಲಬಾಮಾದ ಬ್ರೈಸ್ ಯಂಗ್, ವಿಲ್ ಆ್ಯಂಡರ್ಸನ್ ಇಬ್ಬರೂ ಆಡಿ, ನಾಲ್ಕು ತಿಂಗಳ ನಂತರ 1ನೇ ಮತ್ತು 3ನೇ ಆಯ್ಕೆಯಾದರು. ಅವರದು ಉದಾರ ನಿರ್ಧಾರ. ಇತರರ ಮೇಲೆ ಹೇರಬಹುದಾದ ಅಳತೆಗೋಲು ಅದಲ್ಲ.

ಪ್ಲೇಆಫ್‌ನಲ್ಲಿ ಇದೇ ಆಟಗಾರರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಪ್ರೀತಿಯ ಪ್ರಶ್ನೆಗೆ ಉತ್ತರ. ಪೆನ್ ಸ್ಟೇಟ್‌ನ ಅಬ್ದುಲ್ ಕಾರ್ಟರ್ 2024ರ ಡಿಸೆಂಬರ್ 31ರ ಕ್ವಾರ್ಟರ್‌ಫೈನಲ್‌ನಲ್ಲಿ ಭುಜಕ್ಕೆ ಪೆಟ್ಟು ಮಾಡಿಕೊಂಡ. ಡ್ರಾಫ್ಟ್‌ನ ಅಗ್ರ ಆಯ್ಕೆಗಳಲ್ಲಿ ಒಬ್ಬ ಎಂದು ಗೊತ್ತಿದ್ದರೂ ನೋವಿನಲ್ಲೇ ಸೆಮಿಫೈನಲ್ ಆಡಿದ. ಮುಂದೆ 3ನೆಯವನಾಗಿ ಎನ್‌ಎಫ್‌ಎಲ್‌ನ ನ್ಯೂಯಾರ್ಕ್ ಜೈಂಟ್ಸ್ ಸೇರಿದ. ಮುಂದೊಂದು ಗುರಿ ಇದ್ದಾಗ ಹುಡುಗರು ಅಪಾಯಕ್ಕೆ ಒಡ್ಡಿಕೊಳ್ಳುತ್ತಾರೆ.

ಉಳಿದವರ ಪಾಡು

ತಾರೆಯೊಬ್ಬ ಹೊರಗುಳಿದರೆ ತಂಡ ಮುಳುಗುತ್ತದೆ ಎಂಬುದು ಪೂರ್ತಿ ನಿಜವಲ್ಲ. ಫೋರ್ನೆಟ್ ಇಲ್ಲದ ಎಲ್‌ಎಸ್‌ಯು 29-9ರಿಂದ ಗೆದ್ದಿತು, ಮೆಕ್ಯಾಫ್ರಿ ಇಲ್ಲದ ಸ್ಟ್ಯಾನ್‌ಫರ್ಡ್ 25-23ರಿಂದ. 2022ರ ರೋಸ್ ಬೌಲ್‌ನಲ್ಲಿ ಒಹಾಯೊ ಸ್ಟೇಟ್‌ನ ಗ್ಯಾರೆಟ್ ವಿಲ್ಸನ್, ಕ್ರಿಸ್ ಒಲಾವೆ ಆಡದ ದಿನ ಜ್ಯಾಕ್ಸನ್ ಸ್ಮಿತ್-ಎನ್‌ಜಿಗ್ಬಾ 15 ಕ್ಯಾಚ್‌ಗಳಲ್ಲಿ 347 ಗಜ ಗಳಿಸಿದ, ಯೂಟಾ ವಿರುದ್ಧ 48-45ರ ಗೆಲುವು. ಕೇಲಬ್ ವಿಲಿಯಮ್ಸ್ ಬದಲು ಬಂದ ಮಿಲರ್ ಮಾಸ್ ಹಾಲಿಡೇ ಬೌಲ್‌ನಲ್ಲಿ ಆರು ಟಚ್‌ಡೌನ್ ಪಾಸ್ ಎಸೆದ. ಆದರೆ ಆ ಒಂದು ರಾತ್ರಿಯನ್ನು ನೆಚ್ಚಿದ ಕೋಚ್‌ಗಳಿಗೆ ಪಾಠವೂ ಕಾದಿತ್ತು. ಮರುವರ್ಷ ಋತುವಿನ ನಡುವೆ ಮಾಸ್ ತನ್ನ ಜಾಗ ಕಳೆದುಕೊಂಡ. ಎದುರಾಳಿ ತಂಡವೂ ಖಾಲಿಯಾಗಿರುವ ಪಂದ್ಯದಲ್ಲಿ ಬಂದ ಅಂಕಿಗಳನ್ನು ಅರ್ಧ ಬೆಲೆಗೇ ಕೊಳ್ಳಬೇಕು.

ನಿಜವಾಗಿ ಕೆಡುವುದು ಒಳ್ಳೆಯ ಬದಲಿ ಆಟಗಾರರಿಲ್ಲದ ಜಾಗದಲ್ಲಿ. 2021ರ ಪೀಚ್ ಬೌಲ್‌ಗೆ ಪಿಟ್ಸ್‌ಬರ್ಗ್‌ನ ಕೆನಿ ಪಿಕೆಟ್ ಬರಲಿಲ್ಲ. ಅವನ ಬದಲು ಆಡಿದ ನಿಕ್ ಪ್ಯಾಟಿಯ ಕಾಲರ್‌ಬೋನ್ ಶುರುವಿನಲ್ಲೇ ಮುರಿಯಿತು. ಮೂರನೇ ಕ್ವಾರ್ಟರ್‌ಬ್ಯಾಕ್‌ನೊಂದಿಗೆ ಉಳಿದ ಪಂದ್ಯ ಆಡಿ ಪಿಟ್ 31-21ರಿಂದ ಸೋತಿತು. ಒಬ್ಬ ಹೊರಗುಳಿದರೆ ತಡೆದುಕೊಳ್ಳಬಹುದು. ಒಂದೇ ಸಾಲಿನಲ್ಲಿ ಇಬ್ಬರು ಮೂವರು ಹೋದರೆ, ಅದರಲ್ಲೂ ಆಕ್ರಮಣದ ಲೈನ್‌ನಲ್ಲಿ, ಅನುಭವ ಇಲ್ಲದ ಹುಡುಗರು ಬಲಾಢ್ಯರ ಎದುರು ನಿಲ್ಲಬೇಕಾಗುತ್ತದೆ, ಆಗ ಗಾಯದ ಅಪಾಯ ಅವರ ಮತ್ತು ಅವರು ಕಾಯುತ್ತಿರುವ ಕ್ವಾರ್ಟರ್‌ಬ್ಯಾಕ್‌ನ ಪಾಲಿಗೆ ಬರುತ್ತದೆ. ಬೌಲ್ ಬಿಡುವ ಚರ್ಚೆಯಲ್ಲಿ ಈ ಮಾತು ಬರುವುದು ತೀರ ಕಡಿಮೆ.

ಇದರ ಅತಿಯಾದ ರೂಪ 2023ರ ಡಿಸೆಂಬರ್ 30ರ ಆರೆಂಜ್ ಬೌಲ್. ಸೋಲೇ ಕಾಣದ 13-0 ಫ್ಲೋರಿಡಾ ಸ್ಟೇಟ್ ತಂಡವನ್ನು ನಾಲ್ಕರ ಪ್ಲೇಆಫ್‌ನಿಂದ ಹೊರಗಿಟ್ಟಿದ್ದರು. ಡ್ರಾಫ್ಟ್, ವರ್ಗಾವಣೆ, ಗಾಯ ಎಲ್ಲ ಸೇರಿ ವಿದ್ಯಾರ್ಥಿವೇತನದ ಎರಡು ಡಜನ್‌ಗೂ ಹೆಚ್ಚು ಆಟಗಾರರು ಇರಲಿಲ್ಲ. ಜಾರ್ಜಿಯ 63-3ರಿಂದ ಗೆದ್ದಿತು. ಬೌಲ್‌ಗಳ ಇತಿಹಾಸದಲ್ಲೇ ಅಷ್ಟು ದೊಡ್ಡ ಅಂತರ ಇರಲಿಲ್ಲ. ಇದನ್ನು ಸರಿಪಡಿಸಬೇಕು ಎಂದು ಗೆದ್ದ ಕೋಚ್ ಕರ್ಬಿ ಸ್ಮಾರ್ಟ್ ಅವರೇ ಪಂದ್ಯದ ನಂತರ ಕೇಳಿಕೊಂಡರು.

ಆ ಪಟ್ಟಿಯಲ್ಲಿ ಎನ್‌ಎಫ್‌ಎಲ್‌ಗಾಗಿ ಬಿಟ್ಟವರು ಒಂದು ಭಾಗವಷ್ಟೆ. ತಂಡಗಳನ್ನು ಹೆಚ್ಚು ಬರಿದು ಮಾಡುತ್ತಿರುವುದು ಬೇರೆ ಕಾಲೇಜಿಗೆ ಹೋಗಲು ಹೆಸರು ನೋಂದಾಯಿಸುವ ಟ್ರಾನ್ಸ್‌ಫರ್ ಪೋರ್ಟಲ್. ಅದರ ಬಾಗಿಲು ಡಿಸೆಂಬರ್ ಮೊದಲ ಭಾಗದಲ್ಲಿ, ಬೌಲ್‌ಗೆ ಮುಂಚೆಯೇ ತೆರೆಯುತ್ತಿತ್ತು. ಜಾಗ ಭರ್ತಿಯಾಗುವ ಮುನ್ನ ಹೊಸ ಕಾಲೇಜು ಹಿಡಿಯಬೇಕಾದವನು ಹಳೆಯ ತಂಡಕ್ಕೆ ಡಿಸೆಂಬರ್ 28ರವರೆಗೆ ಆಡುತ್ತ ಕೂರಲಾರ. ಕೋಚ್‌ಗಳು ಹೋದರೆ ಆಟಗಾರರೂ ಹೋಗುತ್ತಾರೆ. 2024ರಲ್ಲಿ ಕೋಚ್ ಬಿಟ್ಟುಹೋದ ಮೇಲೆ ಮಾರ್ಷಲ್ ತಂಡಕ್ಕೆ ಇಂಡಿಪೆಂಡೆನ್ಸ್ ಬೌಲ್ ಆಡಲು ಜನವೇ ಸಾಲದೆ ಹಿಂದೆ ಸರಿಯಬೇಕಾಯಿತು. 2021ರಲ್ಲಿ ಬ್ರಯಾನ್ ಕೆಲಿ ನಾಟರ್ ಡೇಮ್ ಬಿಟ್ಟು ಎಲ್‌ಎಸ್‌ಯುಗೆ, 2025ರಲ್ಲಿ ಲೇನ್ ಕಿಫಿನ್ ಪ್ಲೇಆಫ್‌ಗೆ ಹೊರಟಿದ್ದ ಓಲ್ ಮಿಸ್ ಬಿಟ್ಟು ಅದೇ ಎಲ್‌ಎಸ್‌ಯುಗೆ ಹೋದರು. ಕೋಚ್ ಹೀಗೆ ನಡೆಯಬಹುದಾದರೆ, ಇಪ್ಪತ್ತೊಂದರ ಹುಡುಗನಿಂದ ಮಾತ್ರ ನಿಷ್ಠೆ ಕೇಳುವುದು ನ್ಯಾಯವಲ್ಲ. 2025ರ ಡಿಸೆಂಬರ್‌ನಲ್ಲಿ ಪ್ಲೇಆಫ್‌ಗೆ ಆಯ್ಕೆಯಾಗದ ನಾಟರ್ ಡೇಮ್ ಇಡೀ ತಂಡವಾಗಿಯೇ ಬೌಲ್ ಬೇಡವೆಂದಿತು. ಬೌಲ್ ಬಿಡುವುದು ಈಗ ವ್ಯಕ್ತಿಗಳ ನಿರ್ಧಾರವಾಗಿಯೂ ಉಳಿದಿಲ್ಲ.

ಏನು ಕೆಲಸ ಮಾಡುತ್ತದೆ

ಬಲವಂತಕ್ಕೆ ಒಪ್ಪಂದ ಬೇಕು. 2024ರ ಫೆಬ್ರುವರಿಯಲ್ಲಿ ಬಿಸಿಸಿಐ ಶ್ರೇಯಸ್ ಅಯ್ಯರ್, ಇಶಾನ್ ಕಿಶನ್ ಅವರನ್ನು ಕೇಂದ್ರ ಒಪ್ಪಂದದಿಂದ ಕೈಬಿಟ್ಟು, ದೇಶೀಯ ಕ್ರಿಕೆಟ್ ಆಡಲೇಬೇಕೆಂದು ಖಚಿತಪಡಿಸಿತು. ಮರು ಜನವರಿಯಲ್ಲಿ ಕೆ.ಎಲ್. ರಾಹುಲ್ ಕರ್ನಾಟಕಕ್ಕೆ ರಣಜಿ ಆಡಲು ಬಂದದ್ದೂ ಮಂಡಳಿ ಆ ನಿಯಮವನ್ನು ಬಿಗಿಗೊಳಿಸಿದ ಮೇಲೆಯೇ. ಕೊಡುವ ಹಣ ಇದ್ದುದರಿಂದ ತಡೆಯುವ ಅಧಿಕಾರ ಇತ್ತು. ಅಮೆರಿಕದ ಕಾಲೇಜುಗಳು 2021ರ ಜುಲೈವರೆಗೆ ಆಟಗಾರ ತನ್ನ ಹೆಸರಿನಿಂದ ಹಣ ಗಳಿಸುವುದನ್ನೇ ನಿಷೇಧಿಸಿದ್ದವು. ಕೊಡದವರಿಗೆ ಕೇಳುವ ಹಕ್ಕು ಎಲ್ಲಿಂದ ಬರಬೇಕು?

ಈಗ ಅದು ಬದಲಾಗಿದೆ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ, ಹೌಸ್ ಮೊಕದ್ದಮೆಯ ರಾಜಿ ಸೂತ್ರದಂತೆ, ಜುಲೈ 1ರಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಹಣ ಬಂದ ಮೇಲೆ ಒಪ್ಪಂದದ ಕಾಗದ ಬರುತ್ತದೆ, ಕಾಗದದಲ್ಲಿ ಬೌಲ್‌ನ ಷರತ್ತೂ ಬರೆಯಬಹುದು. ಟ್ರಾನ್ಸ್‌ಫರ್ ಬಾಗಿಲನ್ನೂ 2026ರಲ್ಲಿ ಜನವರಿ 2ರಿಂದ 16ರ ಒಂದೇ ಅವಧಿಗೆ ಸರಿಸಿದರು. ಡಿಸೆಂಬರ್ ಬೌಲ್‌ಗಳ ಮಟ್ಟಿಗೆ ಇದು ಯಾವ ಉಪದೇಶಕ್ಕಿಂತಲೂ ಉಪಯುಕ್ತ ಹೆಜ್ಜೆ.

ವಿಮೆಯ ದಾರಿಯನ್ನು ಕೊಲರಾಡೊ ತಂಡ ತೋರಿಸಿತು. 2024ರ ಡಿಸೆಂಬರ್ 28ರ ಅಲಾಮೊ ಬೌಲ್‌ಗೆ ಟ್ರಾವಿಸ್ ಹಂಟರ್ ಮತ್ತು ಶೆಡ್ಯೂರ್ ಸ್ಯಾಂಡರ್ಸ್ ಇಬ್ಬರಿಗೂ ದೊಡ್ಡ ಮೊತ್ತದ ವಿಮೆಯ ಏರ್ಪಾಡಾಯಿತು. ಪ್ಲೇಆಫ್‌ಗೆ ಸಂಬಂಧವಿಲ್ಲದ ಆ ಪಂದ್ಯವನ್ನು ಇಬ್ಬರೂ ಆಡಿದರು. ಬಿವೈಯು ಎದುರು ತಂಡ 36-14ರಿಂದ ಸೋತಿತು. ಹಂಟರ್ 2ನೇ ಆಯ್ಕೆಯಾದ. ಸ್ಯಾಂಡರ್ಸ್ ಐದನೇ ಸುತ್ತಿಗೆ ಜಾರಿದ, ಆದರೆ ಅದು ಗಾಯದಿಂದಲ್ಲ.

ಷರತ್ತು ಬರೆಯುವ ಕಾಲೇಜುಗಳು ಅದನ್ನು ದಂಡದ ರೂಪದಲ್ಲಿ ಬರೆದರೆ ಹಳೆಯ ತಪ್ಪೇ ಮರಳುತ್ತದೆ. ಹಣ ಹೋಗಬಾರದೆಂದು ಆಟಗಾರ ಇಲ್ಲದ ಸ್ನಾಯು ಸೆಳೆತ ಹೇಳಿಕೊಂಡು ಕೂರುತ್ತಾನೆ, ತಂಡದ ವೈದ್ಯರು ಸುಳ್ಳಿಗೆ ಸಾಕ್ಷಿಯಾಗಬೇಕಾಗುತ್ತದೆ. ಬೇಕಾದದ್ದು ಇಷ್ಟು: ಬೌಲ್‌ಗೆ ಪ್ರತ್ಯೇಕ ಮೊತ್ತ, ಆಡಿದರೆ ಕೊಡುವಂಥದ್ದು. ಕಾಲೇಜೇ ಕಂತು ಕಟ್ಟುವ ಮೌಲ್ಯನಷ್ಟದ ವಿಮೆ, ಅದರ ಮಿತಿ ಮೂರನೇ ಸುತ್ತಿನಲ್ಲಲ್ಲ, ಆಟಗಾರನ ಅಂದಾಜು ಸ್ಥಾನದಿಂದ ಹತ್ತು ಹದಿನೈದು ಸ್ಥಾನದ ಕೆಳಗೆ. ಅಭ್ಯಾಸದ ದಿನಗಳೂ ಆ ವಿಮೆಯೊಳಗೆ. ನಿರ್ಧಾರ ತಿಳಿಸಲು ಬೌಲ್ ಪ್ರಕಟವಾದ ಒಂದು ವಾರದ ಗಡುವು, ಬದಲಿ ಆಟಗಾರನಿಗೆ ಸುಮಾರು ಹದಿನೈದು ಅಭ್ಯಾಸಗಳು ಪೂರ್ತಿ ಸಿಗುವಂತೆ. ಆಡುವುದಿಲ್ಲ ಎಂದವನಿಗೆ ಆ ಮೊತ್ತ ಬಿಟ್ಟು ಬೇರೇನೂ ಕಡಿತವಿಲ್ಲ, ಅವನು ಬದಿಯಲ್ಲಿ ನಿಂತು ತನ್ನ ಜಾಗಕ್ಕೆ ಬಂದವನಿಗೆ ಹೇಳಿಕೊಡಲು ಅಡ್ಡಿಯೂ ಇಲ್ಲ.